ಹದಿನಾಲ್ಕು ಹೋಗಲ್ಲ, ಹದಿನೈದು ನಿಲ್ಲಲ್ಲ: ಇಂಚು ಮತ್ತು ಮಿಲಿಮೀಟರ್ ಬೆರೆತ ಹಳೇ ಗಾಡಿ ಬಿಚ್ಚಿ ಜೋಡಿಸುವ ಸಮಗ್ರ ಮಾರ್ಗದರ್ಶಿ

ಅಂಬಾಸಿಡರ್ ಕೆಳಗೆ ಅಂಗಾತ ಮಲಗಿದ್ದೀರಿ. ಕೈಯಲ್ಲಿ 14ರ ಸ್ಪ್ಯಾನರ್ ಇದೆ. ನಟ್ಟಿನ ಮೇಲೆ ಹೋಗುತ್ತಿಲ್ಲ. ಮಗನನ್ನು ಕೂಗಿ 15 ತರಿಸುತ್ತೀರಿ. ಅದು ಸಲೀಸಾಗಿ ಹೋಗುತ್ತದೆ. ಬಲ ಹಾಕಿದ ಕೂಡಲೇ ಗರಕ್ಕನೆ ಜಾರಿ ಬೆರಳಿನ ಗೆಣ್ಣು ಕಬ್ಬಿಣಕ್ಕೆ ಬಡಿಯುತ್ತದೆ. ಮೇಲಿಂದ ಒಂದಿಷ್ಟು ತುಕ್ಕು ಕಣ್ಣಿಗೆ ಬೀಳುತ್ತದೆ.

ಆ ನಟ್ಟು 14ರದೂ ಅಲ್ಲ, 15ರದೂ ಅಲ್ಲ. ಅದು 9/16 ಇಂಚಿನದು. ಅಂದರೆ 14.29 ಮಿ.ಮೀ. ಗ್ಯಾರೇಜಿನ ಭಾಷೆಯಲ್ಲಿ ‘ಒಂಬತ್ತು ಹದಿನಾರು’. ನಮ್ಮ ಮನೆಯ ಅಂಬಾಸಿಡರ್ 1800ರಲ್ಲಿ ನಾನು ಮೊದಲು ಹಾಳು ಮಾಡಿದ್ದು ಇಂಥದ್ದೇ ನಟ್ಟನ್ನು. ಆಮೇಲೆ ಹಾಳು ಮಾಡಿದವುಗಳ ಲೆಕ್ಕ ಬೇಡ. ಕೊಪ್ಪದ ಹತ್ತಿರ ತೋಟ ಮಾಡಿಕೊಂಡಿರುವ ಚಿಕ್ಕಪ್ಪನ ಜೀಪಿನದೂ ಇದೇ ಕಥೆ. ಈ ಎರಡು ಗಾಡಿಗಳ ಜೊತೆ ಒದ್ದಾಡಿ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಹಂತ 1: ಮೊದಲು ಗಾಡಿಯ ಜಾತಕ ನೋಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ಗಾಡಿಯ ಯಾವ ಭಾಗ ಯಾವ ದೇಶದಿಂದ ಬಂತು ಅಂತ ತಿಳಿದುಕೊಳ್ಳಿ. ಇದು ಹರಟೆಯ ವಿಷಯವಲ್ಲ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಬಾಡಿ, ಮುಂದಿನ ಟಾರ್ಶನ್ ಬಾರ್, ಹಿಂದಿನ ಆಕ್ಸಲ್ ಎಲ್ಲ ಇಂಚಿನ ಲೆಕ್ಕದವು. 1489 ಸಿ.ಸಿ.ಯ ಹಳೇ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ ಕೂಡ ಇಂಚಿನದೇ. ಅಲ್ಲಿಯವರೆಗೆ ಏನೂ ತಕರಾರಿರಲಿಲ್ಲ. ಒಂದು ಇಂಚಿನ ಸೆಟ್ಟು ಇದ್ದರೆ ಇಡೀ ಗಾಡಿ ಬಿಚ್ಚಬಹುದಿತ್ತು. 1990ರ ದಶಕದಲ್ಲಿ ಅದೇ ಬಾಡಿಗೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್ ಮತ್ತು ಐದು ಗೇರಿನ ಬಾಕ್ಸ್ ಬಂತು. ಅವು ಮೆಟ್ರಿಕ್, ಅಂದರೆ ಮಿಲಿಮೀಟರ್ ಲೆಕ್ಕದವು. ಬಾನೆಟ್ ತೆಗೆದರೆ ಜಪಾನ್, ಕೆಳಗೆ ಮಲಗಿದರೆ ಇಂಗ್ಲೆಂಡ್!

ಮಹೀಂದ್ರಾ ಜೀಪಿನದು ಇನ್ನೊಂದು ಬಗೆಯ ಮದುವೆ. ಮೈ ಅಮೆರಿಕದ ವಿಲ್ಲಿಸ್ ಜೀಪಿನದು, ಇಂಚು. ಎಂಎಂ 540ರಂಥ ಗಾಡಿಗಳಿಗೆ ಕೂರಿಸಿದ್ದು ಫ್ರಾನ್ಸಿನ ಪೂಜೋ ಮೂಲದ 2112 ಸಿ.ಸಿ. ಡೀಸೆಲ್ ಎಂಜಿನ್, ಮಿಲಿಮೀಟರ್. ಪದ್ಮಿನಿ ಇಟ್ಟುಕೊಂಡವರು ಮಾತ್ರ ಪುಣ್ಯವಂತರು. ಅದು ಫಿಯಟ್ 1100ರ ಸಂತಾನ, ಹುಟ್ಟಿನಿಂದಲೇ ಮೆಟ್ರಿಕ್.

ಅಳತೆ ಬೆರೆಯುವುದಕ್ಕೂ ಕೈ ಹೋಗದ ಜಾಗ ಹುಟ್ಟುವುದಕ್ಕೂ ಕಾರಣ ಒಂದೇ. 1950ರ ದಶಕದಲ್ಲಿ ಒಂದು ಎಂಜಿನ್‌ಗೆ ಅಂತ ಮಾಡಿದ ಜಾಗದಲ್ಲಿ, 35 ವರ್ಷ ಬಿಟ್ಟು ಬೇರೆಯವರು ಬೇರೆ ಎಂಜಿನ್ ಇಟ್ಟರು. ಹೊಸ ಎಂಜಿನ್‌ನ ಬೋಲ್ಟ್ ಎಲ್ಲಿ ಬರುತ್ತದೆ ಅಂತ ಹಳೇ ಬಾಡಿ ಬರೆದವನಿಗೆ ಹೇಗೆ ಗೊತ್ತಿರಬೇಕು? ಹಾಗಾಗಿ ಎರಡು ದೇಶಗಳು ಸೇರುವ ಗಡಿಯಲ್ಲೇ ಗೋಳು ಜಾಸ್ತಿ: ಎಂಜಿನ್ ಮೌಂಟಿಂಗ್, ಸೈಲೆನ್ಸರ್ ಪೈಪ್ ಜೋಡಣೆ, ಕ್ಲಚ್ ಲಿಂಕೇಜ್, ಪ್ರೊಪೆಲ್ಲರ್ ಶಾಫ್ಟ್. ಈ ಜಾಗಗಳಲ್ಲಿ ಬೋಲ್ಟು ಒಂದು ದೇಶದ್ದು, ನಟ್ಟು ಇನ್ನೊಂದು ದೇಶದ್ದು ಆಗಿರಬಹುದು ಅಂತ ಅನುಮಾನಿಸಿಯೇ ಶುರು ಮಾಡಿ.

ಇದರ ಮೇಲೆ ನಮ್ಮ ಮೆಕ್ಯಾನಿಕ್‌ಗಳ ಕಾಣಿಕೆ ಬೇರೆ. ಮೂವತ್ತು ವರ್ಷದಲ್ಲಿ ಯಾರ‍್ಯಾರೋ ಬಿಚ್ಚಿರುತ್ತಾರೆ. ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾರೆ. ಕಂಪನಿಯ ಪುಸ್ತಕ ಹೇಳುವುದು ಒಂದು, ಗಾಡಿಯಲ್ಲಿ ಇರುವುದು ಇನ್ನೊಂದು.

ಹಂತ 2: ಚೀಲದಲ್ಲಿ ಏನಿರಬೇಕು

ದೊಡ್ಡ ಖರ್ಚೇನೂ ಬೇಡ. 8ರಿಂದ 24ರವರೆಗಿನ ಮೆಟ್ರಿಕ್ ರಿಂಗ್ ಸ್ಪ್ಯಾನರ್‌ಗಳು ನಿಮ್ಮ ಹತ್ತಿರ ಇದ್ದೇ ಇರುತ್ತವೆ. ಇಂಚಿನಲ್ಲಿ ಐದು ಸಾಕು: 7/16, 1/2, 9/16, 5/8, 3/4. ಅಂಬಾಸಿಡರ್‌ನ ಬಹುಪಾಲು ಕೆಲಸ ಈ ಐದರಲ್ಲೇ ನಡೆಯುತ್ತದೆ. ಆಮೇಲೆ 11/16 ಮತ್ತು 15/16 ಸೇರಿಸಿಕೊಳ್ಳಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿ. ಹಳೇ ಇಂಗ್ಲಿಷ್ ಸ್ಪ್ಯಾನರ್ ಬೇಕಾದರೆ ಶಿವಾಜಿನಗರದ ಗುಜರಿಯಲ್ಲಿ ಕಣ್ಣಾಡಿಸಿ. ಬಾಯಿ ಅಗಲವಾಗಿರುವುದನ್ನು ಮಾತ್ರ ತರಬೇಡಿ, ಒಂದು ಬೋಲ್ಟನ್ನು ಜೊತೆಗೆ ಒಯ್ದು ಅಲ್ಲೇ ಹಾಕಿ ನೋಡಿ.

ಸಾಕೆಟ್ ಕೊಳ್ಳುವಾಗ ಆರು ಮೂಲೆಯದ್ದನ್ನೇ ಕೇಳಿ. ಹನ್ನೆರಡು ಮೂಲೆಯದು ಹಾಕುವುದಕ್ಕೆ ಸುಲಭ, ಆದರೆ ತುಕ್ಕು ಹಿಡಿದ ನಟ್ಟಿನ ಮೂಲೆ ಸವೆಸುವುದರಲ್ಲಿ ಅದು ಎತ್ತಿದ ಕೈ. ಅಂದ ಹಾಗೆ ಒಂದು ತಮಾಷೆ ನೋಡಿ. ಮೆಟ್ರಿಕ್ ಸಾಕೆಟ್ ಸೆಟ್ಟಿನ ಹಿಂದಿನ ಚೌಕ ತೂತು ಇವತ್ತಿಗೂ ಇಂಚಿನಲ್ಲೇ ಇದೆ: 1/4, 3/8, 1/2.

ಇವುಗಳ ಜೊತೆ ಎರಡು ಉಪಕರಣ ಬೇಕೇ ಬೇಕು. ಒಂದು ವರ್ನಿಯರ್ ಕ್ಯಾಲಿಪರ್, ಇನ್ನೊಂದು ಥ್ರೆಡ್ ಗೇಜ್. ಥ್ರೆಡ್ ಗೇಜ್ ಅಂದರೆ ಗರಗಸದ ಹಲ್ಲಿನಂಥ ತೆಳು ಎಲೆಗಳ ಗೊಂಚಲು. ಮೆಟ್ರಿಕ್ ಮತ್ತು ಇಂಚು ಎರಡೂ ಇರುವುದನ್ನು ಕೊಳ್ಳಿ. ಮೂವತ್ತು ಸ್ಪ್ಯಾನರ್ ಇರುವವರ ಹತ್ತಿರವೂ ಇದು ಇರುವುದಿಲ್ಲ. ನನ್ನ ಹತ್ತಿರವೂ ಇರಲಿಲ್ಲ, ಅದರ ಕಥೆ ಮುಂದೆ ಬರುತ್ತದೆ.

ಉಳಿದಂತೆ ಹಲ್ಲಿನ ಡಾಕ್ಟರ್ ಬಳಸುವಂಥ ಒಂದು ಸಣ್ಣ ಕನ್ನಡಿ, ಕಡ್ಡಿಯ ತುದಿಗೆ ಅಂಟಿಸಿದ ಅಯಸ್ಕಾಂತ, ಎರಡು ಬಣ್ಣದ ಪೇಂಟು. ಗಾಡಿ ನಿಲ್ಲಿಸಲು ಗಟ್ಟಿಯಾದ ಸ್ಟ್ಯಾಂಡ್ ಇರಲಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೇ ಹೇಳಿದರೂ ನುಗ್ಗಬೇಡಿ.

ಹಂತ 3: ತಲೆ ನೋಡಿ ಥ್ರೆಡ್ ಹೇಳಬೇಡಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ಪ್ಯಾನರ್ ಹಿಡಿಯುವುದು ಬೋಲ್ಟಿನ ತಲೆಯನ್ನು. ತೂತಿಗೆ ಹೋಗುವುದು ಥ್ರೆಡ್. ಇವೆರಡಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ನಂಬಿಕೆ ಬರದಿದ್ದರೆ ಮಾರಿಸ್ ಮನೆತನದ ಒಂದು ಹಳೇ ಕಥೆ ಕೇಳಿ. 1923ರಲ್ಲಿ ವಿಲಿಯಂ ಮಾರಿಸ್ ಕವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಎಂಜಿನ್ ಕಾರ್ಖಾನೆಯನ್ನು ಕೊಂಡರು. ಅಲ್ಲಿದ್ದ ಯಂತ್ರಗಳು ಫ್ರೆಂಚ್ ಮೆಟ್ರಿಕ್ ಥ್ರೆಡ್ ಕೊರೆಯುವಂಥವು. ಯಂತ್ರ ಬದಲಿಸಿದರೆ ಖರ್ಚು. ಮೆಟ್ರಿಕ್ ತಲೆ ಕೊಟ್ಟರೆ ಇಂಗ್ಲೆಂಡಿನ ಮೆಕ್ಯಾನಿಕ್ ಹತ್ತಿರ ಸ್ಪ್ಯಾನರ್ ಇಲ್ಲ. ಕೊನೆಗೆ ಏನು ಮಾಡಿದರು ಗೊತ್ತಾ? ಥ್ರೆಡ್ ಮೆಟ್ರಿಕ್ಕೇ ಉಳಿಸಿಕೊಂಡು, ತಲೆ ಮಾತ್ರ ಇಂಗ್ಲೆಂಡಿನ ವಿಟ್‌ವರ್ತ್ ಎಂಬ ಹಳೇ ಇಂಚಿನ ಅಳತೆಗೆ ಮಾಡಿದರು. ಎರಡನೇ ಮಹಾಯುದ್ಧದ ನಂತರದ ಎಂಜಿ ಟಿಸಿ ಕಾರಿನ ಎಂಜಿನ್‌ನಲ್ಲೂ ಇದೇ ಪದ್ಧತಿ ಇತ್ತು. ಹಳೇ ಕಾರು ರಿಪೇರಿ ಮಾಡುವ ಇಂಗ್ಲಿಷರು ಇದನ್ನು ಇವತ್ತಿಗೂ ‘ಹುಚ್ಚು ಮೆಟ್ರಿಕ್’ ಅಂತ ಕರೆಯುತ್ತಾರೆ.

ಈಗ ಅಳೆಯುವ ಕ್ರಮ. ಬಿಚ್ಚಿದ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ. ಥ್ರೆಡ್ ಸಂದಿಯಲ್ಲಿ ಕೊಳೆ ಇದ್ದರೆ ಯಾವ ಅಳತೆಯೂ ಸರಿ ಬರುವುದಿಲ್ಲ. ವರ್ನಿಯರ್‌ನಲ್ಲಿ ಥ್ರೆಡ್‌ನ ಹೊರ ದಪ್ಪ ನೋಡಿ. ಹೆಸರಿಗಿಂತ ಕೂದಲಷ್ಟು ಕಡಿಮೆಯೇ ತೋರಿಸುತ್ತದೆ. 9.4 ಬಂದರೆ 3/8 ಇಂಚು (9.525 ಮಿ.ಮೀ.). 9.8 ಬಂದರೆ ಎಂ10, ಅಂದರೆ 10 ಮಿ.ಮೀ. ದಪ್ಪದ ಮೆಟ್ರಿಕ್ ಬೋಲ್ಟು. 6.2ರ ಆಸುಪಾಸು ಬಂದರೆ ಕಾಲು ಇಂಚು (6.35), 5.9 ಬಂದರೆ ಎಂ6. ಇಲ್ಲಿಯವರೆಗೆ ಸುಲಭ.

ಮೋಸ ಮಾಡುವುದು 5/16 ಇಂಚು ಮತ್ತು ಎಂ8 ಜೋಡಿ. 5/16 ಅಂದರೆ 7.94 ಮಿ.ಮೀ. ವ್ಯತ್ಯಾಸ 0.06. ವರ್ನಿಯರ್‌ನಲ್ಲಿ ಎರಡೂ 7.8 ಅಂತ ತೋರಿಸಬಹುದು. ತಲೆಯೂ ಅಷ್ಟೇ. 5/16ರ ತಲೆ ಅರ್ಧ ಇಂಚು, ಅಂದರೆ 12.7. ಎಂ8ರ ತಲೆ ಸಾಮಾನ್ಯವಾಗಿ 13. ಒಂದೇ 13ರ ಸ್ಪ್ಯಾನರ್ ಎರಡಕ್ಕೂ ಕೂರುತ್ತದೆ. ಅವಳಿಜವಳಿ ಮಕ್ಕಳ ಹಾಗೆ, ಆದರೆ ಸ್ವಭಾವ ಬೇರೆ.

ಬೇರೆ ಮಾಡುವುದು ಹೇಗೆ? ಪಿಚ್ ನೋಡಬೇಕು, ಅಂದರೆ ಒಂದು ಏಣಿನಿಂದ ಇನ್ನೊಂದು ಏಣಿಗೆ ಇರುವ ದೂರ. ಥ್ರೆಡ್ ಗೇಜ್‌ನ ಎಲೆಯನ್ನು ಬೋಲ್ಟಿನ ಉದ್ದಕ್ಕೆ ಒತ್ತಿ ಹಿಡಿದು ಬೆಳಕಿಗೆ ಎತ್ತಿ. ಸರಿಯಾದ ಎಲೆಯಾದರೆ ಸಂದಿಯಲ್ಲಿ ಬೆಳಕೇ ಕಾಣುವುದಿಲ್ಲ. ತಪ್ಪು ಎಲೆಯೂ ಮೊದಲ ಮೂರು ನಾಲ್ಕು ಹಲ್ಲಿನವರೆಗೆ ಕೂತ ಹಾಗೆ ಅನಿಸುತ್ತದೆ, ಆಮೇಲೆ ತಪ್ಪುತ್ತದೆ. ಹಾಗಾಗಿ ಪೂರ್ತಿ ಉದ್ದಕ್ಕೆ ನೋಡಿ.

ಗೇಜ್ ಇಲ್ಲವಾ? ಮಕ್ಕಳ ಸ್ಕೇಲ್ ಸಾಕು. ಒಂದು ಏಣಿನಿಂದ ಶುರು ಮಾಡಿ ಹತ್ತು ಹೆಜ್ಜೆ ಎಣಿಸಿ, ದೂರ ಅಳೆಯಿರಿ. ಎಂ8 ಆದರೆ 12.5 ಮಿ.ಮೀ. ಬರುತ್ತದೆ, ಯಾಕೆಂದರೆ ಅದರ ಪಿಚ್ 1.25. 5/16ರ ಸಣ್ಣ ಥ್ರೆಡ್, ಅಂದರೆ ಯುಎನ್‌ಎಫ್ ಆದರೆ 10.6 ಬರುತ್ತದೆ. ಅದರಲ್ಲಿ ಇಂಚಿಗೆ 24 ಏಣು. 5/16ರ ದಪ್ಪ ಥ್ರೆಡ್ ಯುಎನ್‌ಸಿ ಆದರೆ 14.1, ಅದರಲ್ಲಿ ಇಂಚಿಗೆ 18.

ಅಂಬಾಸಿಡರ್ ಬಾಡಿಯಲ್ಲಿ ಜಾಸ್ತಿ ಸಿಗುವುದು ಯುಎನ್‌ಎಫ್. ಅದರ ಲೆಕ್ಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ಕಾಲು ಇಂಚಿಗೆ 28, 5/16ಕ್ಕೂ 3/8ಕ್ಕೂ 24, 7/16ಕ್ಕೂ ಅರ್ಧ ಇಂಚಿಗೂ 20. ಜಪಾನಿ ಎಂಜಿನ್ ಕಡೆ ಎಂ6ಕ್ಕೆ 1.0, ಎಂ8ಕ್ಕೆ 1.25. ಎಂ10ಕ್ಕೆ ಜಪಾನಿನವರು 1.25 ಇಡುವುದು ವಾಡಿಕೆ, ಯುರೋಪಿನವರು 1.5. ಅಂದರೆ ಮೆಟ್ರಿಕ್ ಎಂದ ಮಾತ್ರಕ್ಕೆ ಜಗತ್ತೆಲ್ಲ ಒಂದೇ ಅಲ್ಲ. ಪೂಜೋ ಜೀಪಿನ ಬೋಲ್ಟ್ ಇಸುಜುಗೆ ಹೊಂದುತ್ತದೆ ಅಂತ ಕಣ್ಣು ಮುಚ್ಚಿ ಹೇಳಲಾಗದು.

ತಲೆಯ ಮೇಲಿನ ಗುರುತೂ ಸಹಾಯ ಮಾಡುತ್ತದೆ. 8.8 ಅಥವಾ 10.9 ಅಂತ ಅಂಕಿ ಇದ್ದರೆ ಮೆಟ್ರಿಕ್. ನಡುವಿನಿಂದ ಹೊರಟ ಮೂರು ಅಥವಾ ಆರು ಗೆರೆ ಇದ್ದರೆ ಅಮೆರಿಕನ್ ಇಂಚು, ಜೀಪಿನಲ್ಲಿ ಕಾಣುತ್ತದೆ. ಒಂದಕ್ಕೊಂದು ತಾಗಿದ ಸಣ್ಣ ವೃತ್ತಗಳು ಇದ್ದರೆ, ಅಥವಾ ತಲೆಯಲ್ಲಿ ದುಂಡನೆಯ ತಗ್ಗು ಇದ್ದರೆ, ಇಂಗ್ಲಿಷ್ ಯೂನಿಫೈಡ್ ಇಂಚು, ಅಂದರೆ ಯುಎನ್‌ಎಫ್, ಯುಎನ್‌ಸಿ ಕುಟುಂಬದ್ದು. ಎಷ್ಟೋ ಸಲ ಗುರುತೇ ಸವೆದು ಹೋಗಿರುತ್ತದೆ ಅನ್ನಿ.

ಇನ್ನೂ ಹಳೆಯ ಇಂಗ್ಲಿಷ್ ಕಾರು ಅಥವಾ ಹಳೇ ಬುಲೆಟ್ ಬಿಚ್ಚುವವರಿಗೆ ವಿಟ್‌ವರ್ತ್ ಎದುರಾಗಬಹುದು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಕೊಟ್ಟ ಪದ್ಧತಿ ಅದು. ಅದರ ಥ್ರೆಡ್ ಕೋನ 55 ಡಿಗ್ರಿ. ಯುಎನ್‌ಎಫ್‌ದೂ ಮೆಟ್ರಿಕ್‌ದೂ 60. ಅದರ ಸ್ಪ್ಯಾನರ್ ಮೇಲೆ ಬರೆಯುವುದು ಬಾಯಿಯ ಅಳತೆಯಲ್ಲ, ಬೋಲ್ಟಿನ ದಪ್ಪ. 1/4 ಅಂತ ಬರೆದ ವಿಟ್‌ವರ್ತ್ ಸ್ಪ್ಯಾನರ್‌ನ ಬಾಯಿ 13.3 ಮಿ.ಮೀ. ಇರುತ್ತದೆ. ಗುಜರಿಯಲ್ಲಿ ಕಾಲು ಇಂಚು ಅಂತ ನಂಬಿ ತಂದು ಮನೆಗೆ ಬಂದು ಪೆಚ್ಚಾದವರು ಒಬ್ಬಿಬ್ಬರಲ್ಲ.

ಹಂತ 4: ಯಾವುದು ನಡೆಯುತ್ತದೆ, ಯಾವುದು ಕೆಡಿಸುತ್ತದೆ

ಸರಿಯಾದ ಸ್ಪ್ಯಾನರ್ ಇಲ್ಲದೆ ದಾರಿಯಲ್ಲಿ ಸಿಕ್ಕಿಕೊಂಡರೆ ಏನು ಮಾಡುವುದು? ಕೆಲವು ಜೋಡಿ ನಿಜವಾಗಿಯೂ ನಡೆಯುತ್ತವೆ. 5/8 ಇಂಚು ಅಂದರೆ 15.88, ಅದಕ್ಕೆ 16 ಚೆನ್ನಾಗಿ ಕೂರುತ್ತದೆ. 15/16 ಅಂದರೆ 23.81, ಅದಕ್ಕೆ 24. ತಲೆಯ ಅಗಲವೇ 5/16 ಇಂಚು (7.94) ಇದ್ದರೆ ಅದಕ್ಕೆ 8. ಮುಕ್ಕಾಲು ಇಂಚು 19.05. ಅದಕ್ಕೆ 19 ಬಿಗಿಯಾಗಿ ಹೋಗುತ್ತದೆ, ಪೇಂಟ್ ಅಥವಾ ತುಕ್ಕು ಇದ್ದರೆ ಹೋಗುವುದಿಲ್ಲ. ಅರ್ಧ ಇಂಚಿಗೆ 13 ನಡೆಯುತ್ತದೆ, ನಟ್ಟು ಸಡಿಲವಾಗಿದ್ದರೆ ಮಾತ್ರ.

ನಡೆಯದವು: 9/16, 7/16, 11/16. ಈ ಮೂರು ಮಿಲಿಮೀಟರ್‌ಗಳ ನಡುವೆ ತ್ರಿಶಂಕುವಿನ ಹಾಗೆ ನೇತಾಡುತ್ತವೆ. 7/16 ಅಂದರೆ 11.11. 11 ಹತ್ತುವುದಿಲ್ಲ, 12 ಜಾರುತ್ತದೆ. 11/16 ಅಂದರೆ 17.46. 17, 18 ಎರಡೂ ದಂಡ. ಈ ಮೂರನ್ನು ಗಾಡಿಯ ಡಿಕ್ಕಿಯಲ್ಲಿ ಯಾವಾಗಲೂ ಇಟ್ಟುಕೊಂಡಿರಿ. ಅಡ್ಜಸ್ಟಬಲ್ ಸ್ಪ್ಯಾನರ್ ಇದೆಯಲ್ಲ ಅನ್ನಬೇಡಿ. ಅದು ನೀರಿನ ಪೈಪಿಗೆ ಸರಿ, ಸಸ್ಪೆನ್ಷನ್ ನಟ್ಟಿಗಲ್ಲ.

ಹಂತ 5: ಹಟ ಹಿಡಿದ ನಟ್ಟು

ಮಲೆನಾಡಿನ ಗಾಡಿಯಲ್ಲಿ ತುಕ್ಕು ಹಿಡಿಯದ ನಟ್ಟು ಹುಡುಕಬೇಕು. ಅವಸರ ಮಾಡಬೇಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಬಿಚ್ಚುವ ಮುಂಚೆ ತಲೆಗೆ ಸುತ್ತಿಗೆಯಿಂದ ನಾಲ್ಕೈದು ಪೆಟ್ಟು ಕೊಡಿ, ಜೋರಾಗಿ ಅಲ್ಲ, ಬಾಗಿಲು ತಟ್ಟಿದ ಹಾಗೆ. ಮೊದಲು ಬಿಗಿ ಮಾಡುವ ಕಡೆಗೆ ಒಂದು ಕೂದಲಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕಿನ ಪದರ ಒಡೆಯುವುದು ಇಲ್ಲೇ. ಕಾಲು ಸುತ್ತು ಬಂದ ಮೇಲೆ ಮತ್ತೆ ಎಣ್ಣೆ, ಮತ್ತೆ ಹಿಂದೆ ಮುಂದೆ.

ಇಷ್ಟಕ್ಕೂ ಬಗ್ಗದಿದ್ದರೆ ಬೆಂಕಿ. ನಟ್ಟನ್ನು ಕಾಯಿಸಿ, ಬೋಲ್ಟನ್ನಲ್ಲ. ಪೆಟ್ರೋಲ್ ಪೈಪ್, ಬ್ರೇಕ್ ಹೋಸ್, ರಬ್ಬರ್ ಬುಷ್ ಹತ್ತಿರ ಇದ್ದರೆ ಬೆಂಕಿಯ ಯೋಚನೆಯೇ ಬೇಡ. ಉಳಿಯಿಂದ ನಟ್ಟು ಸೀಳಿ ಹೊಸದು ಹಾಕಿ. ಒಂದು ನಟ್ಟಿನ ಬೆಲೆಗಿಂತ ನಿಮ್ಮ ಮುಖದ ಬೆಲೆ ಜಾಸ್ತಿ.

ಇನ್ನೊಂದು ವಿಷಯ. ಹಳೇ ವಿಲ್ಲಿಸ್ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್. ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಲೇ ಹೋದವರಿದ್ದಾರೆ. ಪೈಪ್ ಹಾಕಿ ಅದರ ಮೇಲೆ ನಿಲ್ಲುವ ಮುಂಚೆ ಸ್ಟಡ್‌ನ ತುದಿ ಒರೆಸಿ, ಎಡಗಡೆ ಅನ್ನುವ ಗುರುತು ಇದೆಯಾ ನೋಡಿ.

ಹಂತ 6: ಕೈ ಹೋಗದ ಜಾಗ

ಅಂಬಾಸಿಡರ್ ಬಾನೆಟ್ ಒಳಗೆ ಮನುಷ್ಯ ಕೂರುವಷ್ಟು ಜಾಗ ಇದೆ ಅನ್ನುತ್ತಾರೆ. ಹೌದು, ಆದರೆ ಜಾಗ ಇರುವುದು ಬೇಡದ ಕಡೆ. ಮಡ್‌ಗಾರ್ಡ್ ಎತ್ತರ, ಎಂಜಿನ್ ಆಳದಲ್ಲಿ. ಹೊಟ್ಟೆಯ ಮೇಲೆ ಬಿದ್ದುಕೊಂಡು, ಕಾಲು ಗಾಳಿಯಲ್ಲಿ ಬಿಟ್ಟು ಕೆಲಸ ಮಾಡಬೇಕು. ಮಡ್‌ಗಾರ್ಡ್ ಮೇಲೆ ಹಳೇ ಕಂಬಳಿ ಹಾಸಿ, ಬೆಲ್ಟ್ ಬಕಲ್ ತೆಗೆದಿಡಿ. ಪೇಂಟ್ ಉಳಿಯುತ್ತದೆ.

ಮೊದಲ ಪ್ರಶ್ನೆ ‘ಇದನ್ನು ಹೇಗೆ ಬಿಚ್ಚಲಿ’ ಅಲ್ಲ, ‘ಇದಕ್ಕೆ ಅಡ್ಡ ಇರುವುದನ್ನು ಬಿಚ್ಚಿದರೆ ಎಷ್ಟು ಹೊತ್ತು’. ಏರ್ ಕ್ಲೀನರ್ ತೆಗೆಯಲು ಹತ್ತು ನಿಮಿಷ. ತೆಗೆಯದೆ ಕಾರ್ಬುರೇಟರ್ ಕೆಳಗಿನ ನಟ್ಟಿಗೆ ಬೆರಳ ತುದಿಯಲ್ಲಿ ಒದ್ದಾಡಿದರೆ ಅರ್ಧ ದಿನ. ನಾವು ಬಹಳ ಜನ ಹತ್ತು ನಿಮಿಷ ಉಳಿಸಲು ಹೋಗಿ ಅರ್ಧ ದಿನ ಕಳೆಯುವವರೇ.

ಕಣ್ಣಿಗೆ ಕಾಣದ ನಟ್ಟಿಗೆ ಕನ್ನಡಿ ಹಿಡಿಯಿರಿ. ಕನ್ನಡಿಯಲ್ಲಿ ಎಡ ಬಲ ಅದಲು ಬದಲಾಗುವುದರಿಂದ ಯಾವ ಕಡೆ ತಿರುಗಿಸಬೇಕು ಅನ್ನುವುದನ್ನು ಮೊದಲೇ ಗಾಳಿಯಲ್ಲಿ ಕೈ ಆಡಿಸಿ ನೋಡಿಕೊಳ್ಳಿ. ಮೊಬೈಲ್ ಒಳಗೆ ತೂರಿಸಿ ಒಂದು ಫೋಟೋ ತೆಗೆದರೂ ಆಯಿತು.

ಬೆರಳು ಹೋಗದ ಕಡೆ ನಟ್ಟು ಶುರು ಮಾಡಲು ರಿಂಗ್ ಸ್ಪ್ಯಾನರ್‌ನ ಒಂದು ಕಡೆಗೆ ಕಾಗದದ ಟೇಪ್ ಅಂಟಿಸಿ, ಒಳಗೆ ಸ್ವಲ್ಪ ಗ್ರೀಸ್ ಹಚ್ಚಿ ನಟ್ಟು ಕೂರಿಸಿ. ಬೀಳುವುದಿಲ್ಲ. ವಾಷರ್‌ಗೂ ಗ್ರೀಸೇ ಗತಿ. ಬಿದ್ದರೆ ಅಯಸ್ಕಾಂತದ ಕಡ್ಡಿ ಇದೆ. ಕೆಳಗೆ ಮೊದಲೇ ಬಿಳಿ ಬಟ್ಟೆ ಹಾಸಿದ್ದರೆ ಹುಡುಕುವ ಗೋಳೂ ತಪ್ಪುತ್ತದೆ.

ಇವೆಲ್ಲ ಸಾಲದೆ ಹೋದಾಗ ಸ್ಪ್ಯಾನರನ್ನೇ ಬದಲಾಯಿಸಬೇಕು. ಚಿಕ್ಕಪ್ಪನ ಜೀಪಿನ ಸ್ಟಾರ್ಟರ್ ಮೋಟರ್‌ನ ಮೇಲಿನ ಬೋಲ್ಟಿಗೆ ಯಾವ ಸ್ಪ್ಯಾನರೂ ಎಂಟನೇ ಒಂದು ಸುತ್ತಿಗಿಂತ ಜಾಸ್ತಿ ತಿರುಗುತ್ತಿರಲಿಲ್ಲ. ಗುಜರಿಯಿಂದ ತಂದ ಒಂದು ರಿಂಗ್ ಸ್ಪ್ಯಾನರನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧಕ್ಕೆ ಕತ್ತರಿಸಿ, ಕಾಯಿಸಿ ‘ಎಸ್’ ಆಕಾರಕ್ಕೆ ಬಗ್ಗಿಸಿದೆವು. ನೋಡಲು ಕುರೂಪ. ಆದರೆ ಒಂದೂವರೆ ಗಂಟೆಯ ಕೆಲಸ ಹದಿನೈದು ನಿಮಿಷಕ್ಕೆ ಇಳಿಯಿತು. ಒಳ್ಳೆಯ ಸ್ಪ್ಯಾನರ್ ಕತ್ತರಿಸಲು ಮನಸ್ಸು ಬರುವುದಿಲ್ಲ, ಅದಕ್ಕೇ ಗುಜರಿ ಇರುವುದು.

ಹಂತ 7: ವಾಪಸ್ ಹಾಕುವಾಗ ಬೆರಳೇ ಗೇಜ್

ಬಿಚ್ಚುವಾಗ ಆಗುವ ನಷ್ಟಕ್ಕಿಂತ ಜೋಡಿಸುವಾಗ ಆಗುವುದೇ ದೊಡ್ಡದು. ನನಗೆ ಪಾಠವಾದದ್ದು ಆಗುಂಬೆ ಘಾಟಿಯಲ್ಲಿ. ಆ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿ ಹಾಕಿಸಿದ್ದೆ. ಏಳನೇ ತಿರುವಿಗೋ ಎಂಟನೇ ತಿರುವಿಗೋ ಹಬೆ ಎದ್ದಿತು. ಇಳಿದು ನೋಡಿದರೆ ಹೌಸಿಂಗ್‌ನ ಒಂದು ಬೋಲ್ಟು ಕೈಯಲ್ಲೇ ಬಂತು. ಅದರ ಹೊಟ್ಟೆಯ ತುಂಬ ಬೆಳ್ಳಗೆ ಅಲ್ಯೂಮಿನಿಯಂ ಸುರುಳಿ ಸುತ್ತಿಕೊಂಡಿತ್ತು. ಆಗಿದ್ದಿಷ್ಟೇ: ಎಂ8 ತೂತಿಗೆ 5/16 ಯುಎನ್‌ಎಫ್ ಬೋಲ್ಟು. ತಲೆಗೆ 13ರ ಸ್ಪ್ಯಾನರ್ ಕೂತಿದೆ, ದಪ್ಪ ಸರಿಯಾಗಿದೆ, ಎರಡು ಸುತ್ತು ಹೋಗಿದೆ. ಆಮೇಲೆ ಬಿಗಿಯಾಗಿದೆ. ಹುಡುಗ ‘ಟೈಟ್ ಆಯ್ತು’ ಅಂದುಕೊಂಡಿದ್ದಾನೆ. ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ಮನೆಯ ಡಬ್ಬಿಯಲ್ಲೂ ಆಗ ಎರಡೂ ಬೋಲ್ಟುಗಳು ಒಟ್ಟಿಗೇ ಬಿದ್ದಿದ್ದವು.

ಹಾಗಾಗಿ ನಿಯಮ ಇದು. ಯಾವ ಬೋಲ್ಟನ್ನೂ ಸ್ಪ್ಯಾನರ್‌ನಲ್ಲಿ ಶುರು ಮಾಡಬೇಡಿ. ಬೆರಳಲ್ಲಿ ಹಿಡಿದು ಮೊದಲು ಉಲ್ಟಾ ತಿರುಗಿಸಿ. ‘ಟಕ್’ ಅಂತ ಒಂದು ಸಣ್ಣ ಇಳಿತ ಸಿಗುತ್ತದೆ, ಥ್ರೆಡ್‌ನ ಬಾಯಿ ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಐದಾರು ಸುತ್ತು ಬರೀ ಬೆರಳಲ್ಲಿ ಹೋಗಬೇಕು. ಎರಡೂವರೆ ಸುತ್ತಿಗೆ ನಿಂತರೆ ಕೈ ತೆಗೆಯಿರಿ. ಒಂದೋ ಓರೆ ಕೂತಿದೆ, ಇಲ್ಲವೇ ದೇಶ ಬೇರೆ.

ಬಿಗಿಯಾಗುವ ತಪ್ಪಿಗಿಂತ ಕೆಟ್ಟದ್ದು ಸಲೀಸಾಗಿ ಹೋಗುವ ತಪ್ಪು. 3/8 ಯುಎನ್‌ಎಫ್‌ನ ಪಿಚ್ 1.058 ಮಿ.ಮೀ. ಬ್ರೇಕ್ ಪೈಪ್‌ಗಳಲ್ಲಿ ಬರುವ ಎಂ10ರ ಸಣ್ಣ ಥ್ರೆಡ್ ಪಿಚ್ 1.0. ದಪ್ಪದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ. 3/8ರ ಪೈಪ್ ನಟ್ಟು ಎಂ10ರ ತೂತಿಗೆ ಗೊಣಗದೆ ಒಳಗೆ ಹೋಗುತ್ತದೆ, ಬಿಗಿಯಾದ ಹಾಗೆಯೂ ನಟಿಸುತ್ತದೆ. ಆದರೆ ಹಿಡಿತ ಇರುವುದು ಏಣುಗಳ ತುದಿಯಲ್ಲಿ ಮಾತ್ರ. ಜೋರಾಗಿ ಬ್ರೇಕ್ ಒತ್ತಿದ ದಿನ ಅದು ಕೈ ಬಿಡುತ್ತದೆ. ಮಾಸ್ಟರ್ ಸಿಲಿಂಡರ್ ಬದಲಾಯಿಸಿ ಬೇರೆ ಗಾಡಿಯದ್ದನ್ನು ಹಾಕುವವರು ಇದನ್ನು ಎರಡು ಸಲ ಓದಿ. ಪೈಪ್ ತುದಿಯ ಆಕಾರವೂ ಬೇರೆ ಬೇರೆ ಇರುತ್ತದೆ. ಇಂಗ್ಲಿಷ್ ಮತ್ತು ಅಮೆರಿಕನ್ ಗಾಡಿಗಳಲ್ಲಿ ಒಳಮಡಿಸಿದ ಡಬಲ್ ಫ್ಲೇರ್ ಸಿಗಬಹುದು, ಮೆಟ್ರಿಕ್ ಗಾಡಿಗಳಲ್ಲಿ ಗುಳ್ಳೆಯಂಥ ತುದಿ. ಒಂದರ ಮೇಲೊಂದು ಕೂರಿಸಿ ಬಿಗಿ ಮಾಡಿ ಸೋರಿಕೆ ನಿಲ್ಲಿಸಬಹುದು ಅನ್ನುವುದು ಸುಳ್ಳು. ಇಲ್ಲಿ ಸಂಶಯ ಬಂದರೆ ಗಾಡಿ ಕದಲಿಸದೆ, ತಿಳಿದವರನ್ನು ಕರೆಸಿ.

ಹಂತ 8: ಬಿಗಿ ಎಷ್ಟು?

ಅಳತೆಯ ಜಗಳ ಇಲ್ಲೂ ಬಿಡುವುದಿಲ್ಲ. ಇಂಗ್ಲಿಷ್ ಪುಸ್ತಕ ಟಾರ್ಕನ್ನು, ಅಂದರೆ ಬಿಗಿ ಮಾಡುವ ತಿರುಚು ಬಲವನ್ನು, ಪೌಂಡ್-ಅಡಿಯಲ್ಲಿ ಹೇಳುತ್ತದೆ. ಹಳೇ ಜಪಾನಿ ಪುಸ್ತಕದಲ್ಲಿ ಕೆ.ಜಿ.-ಮೀಟರ್. ಹೊಸ ಟಾರ್ಕ್ ವ್ರೆಂಚ್‌ನಲ್ಲಿ ನ್ಯೂಟನ್-ಮೀಟರ್. 50 ಪೌಂಡ್-ಅಡಿ ಅಂದರೆ 68 ನ್ಯೂಟನ್-ಮೀಟರ್, ಅಥವಾ 6.9 ಕೆ.ಜಿ.-ಮೀಟರ್. ಪುಸ್ತಕದಲ್ಲಿ 50 ಅಂತ ಇದೆ ಎಂದು ವ್ರೆಂಚ್‌ನಲ್ಲಿ 50 ನ್ಯೂಟನ್ ಇಟ್ಟರೆ ಕಾಲು ಭಾಗಕ್ಕಿಂತ ಜಾಸ್ತಿ ಸಡಿಲ. ಉಲ್ಟಾ ಮಾಡಿದರೆ ಬೋಲ್ಟ್ ಕತ್ತರಿಸುತ್ತದೆ. ಪೌಂಡ್-ಅಡಿಯನ್ನು 1.356ರಿಂದ ಗುಣಿಸಿ, ಮುಗಿಯಿತು. ಅಮೆರಿಕನ್ ಪುಸ್ತಕಗಳಲ್ಲಿ ಸಣ್ಣ ಬೋಲ್ಟುಗಳಿಗೆ ಪೌಂಡ್-ಇಂಚು ಅಂತಲೂ ಕೊಟ್ಟಿರುತ್ತಾರೆ. ಅದು ಪೌಂಡ್-ಅಡಿಯ ಹನ್ನೆರಡನೇ ಒಂದು ಪಾಲು. ಕಣ್ಣು ತಪ್ಪಿದರೆ ಹನ್ನೆರಡು ಪಟ್ಟು ಬಲ!

ಹಂತ 9: ಥ್ರೆಡ್ ಹೋಗಿದ್ದರೆ

ತೂತಿನ ಥ್ರೆಡ್ ಹಾಳಾದರೆ ನಮ್ಮಲ್ಲಿ ಮೊದಲು ಬರುವ ಸಲಹೆ ‘ಒಂದು ಸೈಜ್ ದೊಡ್ಡದು ಹೊಡೆಸಿ’ ಅಂತ. ಎಂ8 ಹೋದರೆ 3/8 ಇಂಚು ಟ್ಯಾಪ್ ಹೊಡೆಸುವುದು. ಆಗಬಹುದು, ಆದರೆ ಅಲ್ಲಿಂದ ಆ ಎಂಜಿನ್‌ನಲ್ಲಿ ಇನ್ನೊಂದು ಅನಾಥ ಬೋಲ್ಟ್ ಹುಟ್ಟಿತು. ಮುಂದಿನ ಮೆಕ್ಯಾನಿಕ್ ಅದನ್ನು ಮತ್ತೆ ಕೆಡಿಸುತ್ತಾನೆ. ನನ್ನ ಮಾತು ಕೇಳುವುದಾದರೆ ಹೆಲಿಕಾಯಿಲ್ ಹಾಕಿಸಿ. ತೂತು ದೊಡ್ಡದು ಮಾಡಿ ಒಳಗೆ ಉಕ್ಕಿನ ಸ್ಪ್ರಿಂಗ್‌ನಂಥ ಸುರುಳಿ ಕೂರಿಸುತ್ತಾರೆ. ಬೋಲ್ಟಿನ ಸೈಜ್ ಮೊದಲಿನದೇ ಉಳಿಯುತ್ತದೆ. ಅಲ್ಯೂಮಿನಿಯಂನಲ್ಲಿ ಹಳೆಯದಕ್ಕಿಂತ ಗಟ್ಟಿಯಾಗಿಯೂ ನಿಲ್ಲುತ್ತದೆ. ನನ್ನ ಹೌಸಿಂಗ್ ಉಳಿದದ್ದು ಹಾಗೆ. ಲೇತ್ ಅಂಗಡಿಗೆ ಹೋಗುವಾಗ ಬರೀ ಬಾಯಲ್ಲಿ ‘ಎಂಟರ ಬೋಲ್ಟು’ ಅನ್ನಬೇಡಿ. ಸರಿಯಾದ ಬೋಲ್ಟ್ ಒಂದನ್ನು ಕೈಯಲ್ಲೇ ಹಿಡಿದು ಹೋಗಿ.

ಹಂತ 10: ಮುಂದಿನವರಿಗೆ ಗುರುತು

ಇಂಚಿನ ಬೋಲ್ಟ್ ತಲೆಗೆ ಹಳದಿ ಚುಕ್ಕೆ, ಮೆಟ್ರಿಕ್‌ಗೆ ನೀಲಿ. ಬಿಚ್ಚಿದ ದಿನವೇ ಹಾಕಿ, ನಾಳೆ ಅಂದರೆ ಆಗುವುದಿಲ್ಲ. ಮನೆಯಲ್ಲಿ ಎರಡು ಡಬ್ಬಿ ಬೇರೆ ಬೇರೆ ಇಡಿ. ಎರಡರ ಮುಚ್ಚಳಕ್ಕೂ ಅದೇ ಬಣ್ಣ ಬಳಿಯಿರಿ. ಒಂದು ಮರದ ಹಲಗೆಯ ಮೇಲೆ ಎಂ6, ಎಂ8, ಎಂ10 ಮತ್ತು ಕಾಲು ಇಂಚು, 5/16, 3/8ರ ಹೊಸ ನಟ್ಟುಗಳನ್ನು ಸಾಲಾಗಿ ಅಂಟಿಸಿ ಹೆಸರು ಬರೆದಿಡಿ. ಅನುಮಾನದ ಬೋಲ್ಟ್ ಸಿಕ್ಕರೆ ಅದರಲ್ಲಿ ತಿರುಗಿಸಿ ನೋಡಿದರೆ ಸಾಕು, ಗೇಜ್ ಹುಡುಕುವ ಕೆಲಸವೂ ಇಲ್ಲ.

ಎಲ್ಲ ಚುಕ್ಕೆ ಹಾಕಿ ಮುಗಿದ ಮೇಲೂ ಕೆಲವು ವಿಚಿತ್ರಗಳು ಉಳಿಯುತ್ತವೆ. ಬಹುತೇಕ ಕಾರುಗಳಲ್ಲಿ, ಪೂರ್ತಿ ಮೆಟ್ರಿಕ್ ಕಾರುಗಳಲ್ಲೂ, ಸೀಟ್ ಬೆಲ್ಟ್ ಬೋಲ್ಟ್ ಇಂಚಿನದೇ, 7/16 ಯುಎನ್‌ಎಫ್. ಪೂರ್ತಿ ಇಂಚಿನ ಹಳೇ ಎಂಜಿನ್‌ನಲ್ಲೂ ಸ್ಪಾರ್ಕ್ ಪ್ಲಗ್ ಥ್ರೆಡ್ 14 ಮಿಲಿಮೀಟರ್, ಅದರ ತಲೆ ಮಾತ್ರ 13/16 ಇಂಚು. ಟೈರ್ ಮೇಲೆ 175/70 ಆರ್13 ಅಂತ ಬರೆದಿದ್ದರೆ ಅಗಲ ಮಿಲಿಮೀಟರ್, ಮಧ್ಯದ್ದು ಶೇಕಡಾ, ಕೊನೆಯದು ಇಂಚು. ಇವಕ್ಕೆ ಯಾವ ಬಣ್ಣ ಬಳಿಯುವುದು ನೀವೇ ಹೇಳಿ.

ಹೋದ ಮಳೆಗಾಲದಲ್ಲಿ ಜೀಪನ್ನು ಕ್ಲಚ್ ಪ್ಲೇಟ್ ಬದಲಾಯಿಸಲು ಬಿಟ್ಟಿದ್ದೆವು. ಗ್ಯಾರೇಜಿನ ಹುಡುಗ ಕೆಳಗಿನಿಂದಲೇ ಕೂಗಿದ: “ಅಣ್ಣಾ, ಇದ್ಯಾಕೆ ಅರಿಶಿನ ಹಚ್ಚಿದೀರ ಬೋಲ್ಟಿಗೆ?” ಚಿಕ್ಕಪ್ಪ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಬಗ್ಗಿ ಒಂಬತ್ತು ಹದಿನಾರನ್ನು ಅವನ ಕೈಗಿಟ್ಟರು.